ಒಂದು ಅಂಕಿ ಬಿಟ್ಟೆ, ಸರ್ವರ್ ಮಲಗಿತು

ನಮಸ್ಕಾರ. ಕಿಟಕಿಯಾಚೆ ಕಾಣುತ್ತಿರೋದು ಗೋಳಗುಮ್ಮಟ. ನಮ್ಮ ಮನೆ ಅಷ್ಟೇನೂ ಹತ್ತಿರ ಇಲ್ಲ, ಜೂಮ್ ಮಾಡಿದ್ದೇನೆ. ಈಗ ಸ್ಕ್ರೀನ್ ನೋಡಿ.

ಲಾಗಿನ್, ಡೌನ್‌ಲೋಡ್ ಎಲ್ಲ ಓಡಿಸಿಬಿಟ್ಟಿದ್ದೇನೆ. ಸರ್ವರ್ ಮೇಲೆ ಪಿಎಚ್‌ಪಿ (ವೆಬ್‌ಸೈಟ್ ನಡೆಸುವ ಭಾಷೆ) ಕಂಪೈಲ್ ಮಾಡಬೇಕಿತ್ತು, ಅಂದರೆ ಅದರ ಮೂಲ ಕೋಡನ್ನು ಓಡುವ ಪ್ರೋಗ್ರಾಂ ಆಗಿಸಬೇಕಿತ್ತು. ಇಲ್ಲಿ ನಿಲ್ಲಿಸುತ್ತೇನೆ. ಕಂಪೈಲ್ ನಡೆಸುವ ಕಮಾಂಡು, 'ಮೇಕ್ -ಜೆ' ಅಂತ ಹೊಡೆದಿದ್ದೇನೆ, ಕಂಡಿತಾ? ಜೆ ಆದಮೇಲೆ ಅಂಕಿ ಇಲ್ಲ. 2 ಹಾಕಬೇಕಿತ್ತು. ಬಿಟ್ಟರೆ ಮೇಕ್‌ಗೆ ಮಿತಿಯೇ ಇಲ್ಲ, ಸಿಕ್ಕಷ್ಟು ಫೈಲುಗಳನ್ನು ಒಟ್ಟಿಗೇ ಎತ್ತಿಕೊಳ್ಳುತ್ತದೆ. ಇರೋದು 2 ಕೋರ್, 2 ಜಿಬಿ ಮೆಮೊರಿ. ಅದರ ಮೇಲೆಯೇ ಒಣದ್ರಾಕ್ಷಿ ಅಂಗಡಿಯೊಂದರ ಸೈಟ್ ಬೇರೆ.

ಸರ್ವರ್ ಏನು ಮಾಡುತ್ತಿದೆ ಅಂತ ತೋರಿಸುವ ಕಮಾಂಡು 'ಟಾಪ್' ಹೊಡೆದೆ. ಒಂದೊಂದು ಅಕ್ಷರ ಮೂಡೋಕೆ ಅರ್ಧ ನಿಮಿಷ. ಈ ಭಾಗ ಕಟ್ ಮಾಡಿಲ್ಲ, ನೀವೂ ಅನುಭವಿಸಿ. ಅಷ್ಟರಲ್ಲಿ ಅಂಗಡಿ ಕಾಕಾನ ಫೋನು: "ತಮ್ಮಾ, ಸೈಟ್ ಓಪನ್ ಆಗವಲ್ದು." "ಐದು ನಿಮಿಷ ಕಾಕಾ" ಅಂದೆ. ಇಪ್ಪತ್ತೈದಾಯಿತು.

ಕೊನೆಗೂ ಬಂತು. ಲೋಡ್, ಅಂದರೆ ಸರದಿಯಲ್ಲಿರುವ ಕೆಲಸಗಳ ಸರಾಸರಿ, 61! 2 ಕೋರ್‌ಗೆ 2 ಬಂದರೇ ಕೈತುಂಬ ಕೆಲಸ. ದ್ರಾಕ್ಷಿ ಕೊಳ್ಳೋಕೆ ಜನ ಮುಗಿಬಿದ್ದಿದ್ದಾರೆ ಅಂತ ಮೊದಲು ಖುಷಿಪಟ್ಟೆ. ಪೆದ್ದ ನಾನು. ಸಿಪಿಯು ಸಾಲಿನಲ್ಲಿ 'ಡಬ್ಲ್ಯುಎ', ಅಂದರೆ ಡಿಸ್ಕ್‌ಗೆ ಕಾದ ಸಮಯ, ಶೇಕಡಾ 85 ಇದೆ ನೋಡಿ. ಪ್ರೊಸೆಸರ್ ದುಡಿಯುತ್ತಿಲ್ಲ, ಡಿಸ್ಕ್‌ನ ದಾರಿ ಕಾಯುತ್ತಾ ಸುಮ್ನೆ ಕೂತಿದೆ. ಮೆಮೊರಿ ತುಂಬಿ ಸ್ವಾಪ್‌ಗೆ, ಅಂದರೆ ಮೆಮೊರಿ ಬದಲಿಗೆ ಬಳಸುವ ಡಿಸ್ಕ್ ಜಾಗಕ್ಕೆ, ಹರಿದಿದೆ. ಡಿಸ್ಕ್‌ಗೆ ಕಾಯುವ ಪ್ರೊಸೆಸ್‌ಗಳನ್ನೂ ಲಿನಕ್ಸ್ ಲೋಡ್‌ನಲ್ಲೇ ಎಣಿಸುತ್ತದೆ. ಅದಕ್ಕೇ 61.

'ನೈಸ್ ಹಾಕಬೇಕಿತ್ತು' ಅನ್ನುತ್ತೀರಿ, ಅದು ಕೆಲಸದ ಆದ್ಯತೆ ಇಳಿಸುವ ಕಮಾಂಡು. ನೈಸ್ 19 ಹಾಕಿದರೆ ಕಂಪೈಲರ್ ಸಿಪಿಯು ಸರದಿಯಲ್ಲಿ ಹಿಂದೆ ನಿಲ್ಲುತ್ತದೆ, ಅಷ್ಟೇ. ಮೆಮೊರಿ ತಿನ್ನೋದು ಬಿಡಲ್ಲ.

ಕಂಪೈಲ್ ನಿಲ್ಲಿಸೋಕೆ ಕಂಟ್ರೋಲ್ ಸಿ ಒತ್ತಿ ಕಾಯುತ್ತಿದ್ದೇನೆ. ಟಪ್ ಟಪ್ ಅಂತ ಕೇಳುತ್ತಿದೆ ಅಲ್ವಾ? ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ. "ಊಟಕ್ಕ ಬಾರೋ, ಆರ್ತಾವು!" ಆರಲಿ ಬಿಡಿ, ನನಗೆ ಬಿಸಿ ರೊಟ್ಟಿಗಿಂತ ಕಟಕ್ ರೊಟ್ಟಿನೇ ಇಷ್ಟ. ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು... ಅಯ್ಯೋ, ಕಮಾಂಡ್ ಹೊಡೆಯೋ ಪ್ರಾಂಪ್ಟ್ ಬಂತು, ಬಂತು!

ಈ ಸಲ ನೈಸ್ 19, ಜೆ 1. ಲೋಡ್ 1.3. ಮುಕ್ಕಾಲು ಗಂಟೆ ಹಿಡಿಯಿತು, ಸೈಟ್ ಮಾತ್ರ ನಿಲ್ಲಲಿಲ್ಲ. ನನ್ನ ಕೇಳಿದರೆ ವೆಬ್ ಸರ್ವರ್ ಮೇಲೆ ಕಂಪೈಲ್ ಮಾಡಲೇಬಾರದು. ಬೇರೆ ಮಶೀನಲ್ಲಿ ಮಾಡಿ ತಂದು ಹಾಕಬೇಕು. ಆ ಮಶೀನಿನ ಬಾಡಿಗೆ ಯಾರು ಕೊಡುತ್ತಾರೆ ಅಂತ ಕೇಳಬೇಡಿ. ಸರಿ, ರಾತ್ರಿ ಹೊತ್ತು ಮಾಡಿದರೆ ನಡೆಯುತ್ತದೆ.

ಮತ್ತೆ ಕಾಕಾನ ಫೋನು. ಸ್ಪೀಕರ್ ಹಾಕುತ್ತೇನೆ. "ಸೈಟ್ ಬಂತು ತಮ್ಮಾ. ಆದ್ರ ದ್ರಾಕ್ಷಿ ರೇಟ್ ಹೋದ ವರ್ಷದ್ದೇ ಐತಲ್ಲೋ?"