36 ಪಿನ್ನಿನ ಗಂಟು

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ನಮ್ಮ ಮನೆಗೆ ಹೊಸ ಪ್ರಿಂಟರ್ ಬಂತು. ಇಂಕ್ ಟ್ಯಾಂಕಿನದು, ಬಣ್ಣದ್ದು, ನೆತ್ತಿಯ ಮೇಲೆ ಸ್ಕ್ಯಾನರ್ ಬೇರೆ. ಪಿ.ಯು.ಸಿ. ಓದುವ ಮೊಮ್ಮಗನ ಪ್ರಾಜೆಕ್ಟಿಗೆ ಬೇಕು ಅಂತ ಮಗಳು ಕೊಡಿಸಿದಳು. ಅದನ್ನಿಡುವುದಕ್ಕೆ ಮೇಜಿನ ಮೇಲೆ ಜಾಗ ಬೇಕಲ್ಲ, ಅಲ್ಲಿಂದ ಶುರುವಾಯಿತು ನೋಡಿ ಪಂಚಾಯಿತಿ. "ಆ ಹಳೇದನ್ನ ಗುಜರಿಯವನಿಗೆ ಹಾಕಿಬಿಡೋಣ ಕಣೆ" ಅಂದರು ನಮ್ಮ ಯಜಮಾನರು.

ಆ ಹಳೇದು ಅಂದರೆ ನನ್ನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಮೈಸೂರಿನ ಕೋರ್ಟಿನ ಹತ್ತಿರ ಇಪ್ಪತ್ತು ವರ್ಷ ಜಾಬ್ ಟೈಪಿಂಗ್ ಅಂಗಡಿ ನಡೆಸಿದವಳು ನಾನು. ಮೊದಲು ಟೈಪ್‌ರೈಟರ್, 1998ರಿಂದ ಈಚೆಗೆ ಕಂಪ್ಯೂಟರ್. ಅಫಿಡವಿಟ್ಟು, ಬಾಡಿಗೆ ಕರಾರು, ಕ್ರಯಪತ್ರ ಎಷ್ಟು ಸಾವಿರ ಹೊಡೆದಿದೆಯೋ ಆ ಯಂತ್ರ. ಈಗಲೂ ನಮ್ಮ ಬಡಾವಣೆಯ ಸಂಘದ ರಸೀದಿ ಅದರಲ್ಲೇ. ಕಾರ್ಬನ್ ಇಟ್ಟ ಮೂರು ಹಾಳೆ ಒಟ್ಟಿಗೆ ಸೇರಿಸಿಕೊಟ್ಟರೆ ಮೂರಕ್ಕೂ ಅಚ್ಚು ಬೀಳುತ್ತದೆ, ಯಾಕೆಂದರೆ ಅದು ರಿಬ್ಬನ್ನಿನ ಮೇಲೆ ಸೂಜಿಯಲ್ಲಿ ಕುಟ್ಟಿ ಬರೆಯುತ್ತದೆ. ಹೊಸ ಪ್ರಿಂಟರ್ ಶಾಯಿ ಚಿಮುಕಿಸುತ್ತದೆ ಅಷ್ಟೆ. ಅದರಲ್ಲಿ ಕಾರ್ಬನ್ ಇಟ್ಟರೆ ಕೆಳಗಿನ ಹಾಳೆ ಬಿಳಿಚಿಕೊಂಡೇ ಇರುತ್ತದೆ.

ಹಾಗಾಗಿ ಗುಜರಿ ಮಾತು ಅಲ್ಲಿಗೇ ನಿಂತಿತು. ಆದರೆ ಜೋಡಿಸುವುದು ಹೇಗೆ? ಕಂಪ್ಯೂಟರೂ ಹೊಸದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತಲ್ಲ, ಆ ನೆಪದಲ್ಲಿ ಅದನ್ನೂ ಬದಲಾಯಿಸಿದ್ದೆವು. ಹೊಸ ಕಂಪ್ಯೂಟರಿನ ಬೆನ್ನು ನೋಡಿದರೆ ಬರೀ ಯುಎಸ್‌ಬಿ. ನನ್ನ ಪ್ರಿಂಟರಿನದು ಬೂದು ಬಣ್ಣದ ಹೆಬ್ಬೆರಳು ಗಾತ್ರದ ಕೇಬಲ್ಲು. ಕಂಪ್ಯೂಟರ್ ಕಡೆ 25 ಪಿನ್ನು, ಎರಡು ಸ್ಕ್ರೂ. ಪ್ರಿಂಟರ್ ಕಡೆ 36, ಎರಡೂ ಪಕ್ಕ ಕಿವಿ ಹಿಡಿದಂತೆ ತಂತಿಯ ಕ್ಲಿಪ್ಪು. ಸೆಂಟ್ರಾನಿಕ್ಸ್ ಅನ್ನುವ ಕಂಪನಿ 1970ರಲ್ಲಿ ತನ್ನ ಪ್ರಿಂಟರಿಗೆ ಮಾಡಿಕೊಂಡ ಏರ್ಪಾಟು ಅದು, ಮೂವತ್ತು ವರ್ಷ ಪ್ರಪಂಚವನ್ನೇ ಆಳಿತು. ಒಂದು ಅಕ್ಷರಕ್ಕೆ ಎಂಟು ತಂತಿ, ಎಂಟೂ ಒಟ್ಟಿಗೆ ಓಡುತ್ತವೆ. ಯುಎಸ್‌ಬಿಯಲ್ಲಾದರೆ ಒಂದರ ಹಿಂದೆ ಒಂದು, ಸಾಲಾಗಿ.

ಅಂಗಡಿಯಲ್ಲಿ ಕೇಳಿದರೆ ಹುಡುಗ ನಕ್ಕ. "ಅಮ್ಮಾ, ಇದೆಲ್ಲ ಈಗ ಬರಲ್ಲ, ಬಿಸಾಕಿ" ಅಂದ. ಎರಡನೇ ಅಂಗಡಿಯಲ್ಲಿ, ಸಯ್ಯಾಜಿರಾವ್ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುತ್ತದೆ, ಒಬ್ಬರು ವಯಸ್ಸಾದವರು ಮಾತಾಡದೆ ಒಳಗಿಂದ ಒಂದು ಕೇಬಲ್ ತಂದಿಟ್ಟರು. ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ ಅದೇ 36ರ ಗಂಟು. ಆ ರಸ್ತೆಯ ಹೆಸರು ಬರೋಡದ ಮಹಾರಾಜರದು, ನಿಮಗೆ ಗೊತ್ತೇ ಇದೆ. ಯುಎಸ್‌ಬಿ ರೂಪಿಸಿದವರಲ್ಲಿ ಮುಖ್ಯರಾದ ಅಜಯ್ ಭಟ್ ಓದಿದ್ದು ಬರೋಡದಲ್ಲಿ, ಅದೇ ಮಹಾರಾಜರ ಹೆಸರಿನ ವಿಶ್ವವಿದ್ಯಾಲಯದಲ್ಲಿ. 1996ರಲ್ಲಿ ಯುಎಸ್‌ಬಿಯ ಮೊದಲ ನಿಯಮಾವಳಿ ಹೊರಬಂತು. ಕೇಬಲ್ಲನ್ನು ಚೀಲಕ್ಕೆ ಹಾಕಿಕೊಳ್ಳುವಾಗ ನನಗಿದು ಹೊಳೆದು ನಗು ಬಂತು.

ಮನೆಗೆ ಬಂದು ಸಿಕ್ಕಿಸಿದೆ. ಪ್ರಿಂಟ್ ಕೊಟ್ಟೆ. ಮೌನ. ಇನ್ನೊಂದು ಸಲ ಕೊಟ್ಟೆ. ಆಗಲೂ ಅಷ್ಟೆ. "ನಾನು ಹೇಳಲಿಲ್ಲವಾ" ಅನ್ನುವ ಮುಖ ಮಾಡಿಕೊಂಡು ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಕೊನೆಗೆ ತಪ್ಪು ಹಿಡಿದವನು ಮೊಮ್ಮಗ. "ಅಜ್ಜಿ, ನೀವು ಎಲ್‌ಪಿಟಿ1ಕ್ಕೆ ಕಳಿಸ್ತಿದೀರಿ. ಆ ಬಾಗಿಲೇ ಈ ಕಂಪ್ಯೂಟರಲ್ಲಿ ಇಲ್ಲ" ಅಂದ. ನಿಜ. ಎಲ್‌ಪಿಟಿ1 ಅನ್ನುವುದು ಆ 25 ಪಿನ್ನಿನ ಬಾಗಿಲ ಹೆಸರು, ವಿಂಡೋಸು ಹಳೇ ಅಭ್ಯಾಸಬಲದಿಂದ ಅದನ್ನೇ ಮುಂದಿಡುತ್ತದೆ. ಈ ಹೊಸ ಕೇಬಲ್ ಸಿಕ್ಕಿಸಿದಾಗ ಯುಎಸ್‌ಬಿ001 ಅಂತ ಇನ್ನೊಂದು ಬಾಗಿಲು ತಾನಾಗಿ ಹುಟ್ಟಿರುತ್ತದೆ. ಪ್ರಿಂಟರಿನ ಪ್ರಾಪರ್ಟೀಸ್ ತೆಗೆದು, ಪೋರ್ಟ್ಸ್ ಅನ್ನುವ ಕಡೆ ಅದಕ್ಕೆ ಗುರುತು ಹಾಕಬೇಕು. ಹಾಕಿದ ಕೂಡಲೇ ಕಿರ್ರ್ ಅಂತ ಓಡಿತು ನನ್ನ ಗಾಡಿ. ಒಂದು ಎಚ್ಚರಿಕೆ: ಈ ಕೇಬಲ್ ಪ್ರಿಂಟರಿಗೆ ಮಾತ್ರ. ಆ ಕಾಲದಲ್ಲಿ ಇದೇ 25 ಪಿನ್ನಿನ ಬಾಗಿಲಿಗೆ ಸೇರಿಸುತ್ತಿದ್ದ ಪ್ಯಾರಲಲ್ ಸ್ಕ್ಯಾನರಿಗೆ ಹಾಕಿದರೆ ಅದು ಮಾತೇ ಆಡುವುದಿಲ್ಲ.

ಆಮೇಲೆ ಡ್ರೈವರು. ಕಾರ್ ಓಡಿಸುವವನ ಹೆಸರು ಅದಕ್ಕೆ ಯಾಕಿಟ್ಟರೋ, ನಾನಾಗಿದ್ದರೆ ದುಭಾಷಿ ಅಂತಿದ್ದೆ. ಕಂಪ್ಯೂಟರಿನ ಮಾತು ಯಂತ್ರಕ್ಕೆ ಬರುವುದಿಲ್ಲ, ಯಂತ್ರದ ಮಾತು ಕಂಪ್ಯೂಟರಿಗೆ ಬರುವುದಿಲ್ಲ. ನಡುವೆ ನಿಂತು ಹೇಳುವವರು ಬೇಕು. ಹಳೆಯ ಸಾಮಾನು ಕೆಲಸ ಮಾಡುವುದಿಲ್ಲ ಅನ್ನುತ್ತೇವಲ್ಲ, ಎಷ್ಟೋ ಸಲ ಸಾಮಾನಿಗೆ ಏನೂ ಆಗಿರುವುದಿಲ್ಲ, ದುಭಾಷಿ ನಿವೃತ್ತನಾಗಿರುತ್ತಾನೆ. ಡಾಟ್ ಮ್ಯಾಟ್ರಿಕ್ಸಿಗೆ ಈ ಕಷ್ಟ ಕಡಿಮೆ, ಹೆಚ್ಚಿನವಕ್ಕೆ ಎಪ್ಸನ್ ಅನ್ನುವ ಪ್ರಿಂಟರ್ ಕಂಪನಿಯವರ ಹಳೆಯ ಭಾಷೆ ತಿಳಿಯುತ್ತದೆ. ಆದರೆ ಒಂದು ಮಾತು. ಪಟ್ಟಿಯಲ್ಲಿ 'ಜೆನೆರಿಕ್, ಟೆಕ್ಸ್ಟ್ ಓನ್ಲಿ' ಅಂತ ಒಂದಿರುತ್ತದೆ, ಎಲ್ಲರೂ ಅದನ್ನೇ ಆರಿಸಿ ಅನ್ನುತ್ತಾರೆ. ಇಂಗ್ಲಿಷಿಗಾದರೆ ಸರಿ. ನನ್ನ ಪ್ರಿಂಟರಿನ ಹೊಟ್ಟೆಯಲ್ಲಿ ಕನ್ನಡದ ಅಕ್ಷರವೇ ಇಲ್ಲವಲ್ಲ! ಕನ್ನಡವನ್ನು ಚಿತ್ರ ಬಿಡಿಸಿದ ಹಾಗೆ ಚುಕ್ಕಿ ಚುಕ್ಕಿಯಾಗಿ ಕಳಿಸಬೇಕು, ಅದಕ್ಕೆ ಆ ಮಾದರಿಯ ಸರಿಯಾದ ಡ್ರೈವರೇ ಬೇಕು. ನಿಧಾನ ಆಗುತ್ತದೆ, ಆಗಲಿ. ಒತ್ತಕ್ಷರ ನೆಟ್ಟಗೆ ಬಂದರೆ ಸಾಕು.

ಕನ್ನಡದ ಮಾತು ಬಂತು ಅಂತ ಹೇಳುತ್ತೇನೆ. ಅಂಗಡಿಯ ಕಾಲದ ಫೈಲುಗಳೆಲ್ಲ ಹಳೇ ನುಡಿ ಫಾಂಟಿನವು, ಈಗ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಅಲ್ಲ. ಹೊಸ ಕಂಪ್ಯೂಟರಲ್ಲಿ ತೆರೆದರೆ ಕ್ರಯಪತ್ರದ ಬದಲು ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಮಂತ್ರ ಕಾಣುತ್ತದೆ. ಗಾಬರಿ ಬೇಡ. ಆ ಫಾಂಟ್ ಹಾಕಿಕೊಂಡರೆ ಅಕ್ಷರ ಮರಳುತ್ತವೆ. ಇಲ್ಲವೇ ಪರಿವರ್ತಕದಲ್ಲಿ ಯುನಿಕೋಡಿಗೆ ತಿರುಗಿಸಿಕೊಳ್ಳಬೇಕು. ಅರ್ಕಾವತ್ತು ಕೆಲವು ಕಡೆ ಜಾಗ ತಪ್ಪುತ್ತದೆ, ಕಣ್ಣಿಟ್ಟು ಓದಿ.

ಹೊಸ ಪ್ರಿಂಟರ್ ಸುಲಭ ಅಂದುಕೊಂಡಿದ್ದೆ. ಅದೇ ಹೆಚ್ಚು ಸತಾಯಿಸಿದ್ದು. ಅದರ ಯುಎಸ್‌ಬಿ ಬಾಗಿಲಿಗೆ ಒಂದು ಸ್ಟಿಕ್ಕರ್ ಅಂಟಿಸಿದ್ದರು, ಮೊದಲು ಸಾಫ್ಟ್‌ವೇರ್, ಆಮೇಲೆ ಕೇಬಲ್ ಅಂತ. ನಾನು ಸ್ಟಿಕ್ಕರ್ ಕಿತ್ತು ಕೇಬಲ್ ಹಾಕಿದೆ! ವಿಂಡೋಸ್ ತನಗೆ ಸಿಕ್ಕಿದ್ದೊಂದು ಡ್ರೈವರ್ ಹಾಕಿಕೊಂಡಿತು. ಪ್ರಿಂಟ್ ಬರುತ್ತದೆ, ಸ್ಕ್ಯಾನ್ ಬರುವುದಿಲ್ಲ. ಎಲ್ಲ ತೆಗೆದು, ಕಂಪ್ಯೂಟರ್ ಆರಿಸಿ ಹಚ್ಚಿ, ಸ್ಟಿಕ್ಕರ್ ಹೇಳಿದ ಕ್ರಮದಲ್ಲೇ ಮಾಡಿದ ಮೇಲೆ ಸರಿಹೋಯಿತು.

ಅಷ್ಟರಲ್ಲಿ ಯಜಮಾನರು ಪ್ರಿಂಟರ್ ಹಾಲಿನಲ್ಲಿ ಇರಲಿ ಅಂದರು. ಯುಎಸ್‌ಬಿ ಕೇಬಲ್ ಐದು ಮೀಟರ್ ದಾಟಬಾರದು, ಆದ್ದರಿಂದ ವೈಫೈ. ಇಂಥ ಮನೆಬಳಕೆಯ ಪ್ರಿಂಟರುಗಳು ಬಹಳಷ್ಟು ವೈಫೈ ಅಲೆಗಳಲ್ಲಿ 2.4 ಗಿಗಾಹರ್ಟ್ಸಿನದನ್ನು ಮಾತ್ರ ಬಲ್ಲವು, ರೂಟರಿನ 5 ಗಿಗಾಹರ್ಟ್ಸಿನ ಹೆಸರು ಅವಕ್ಕೆ ಕಾಣುವುದೇ ಇಲ್ಲ. ಅದನ್ನು ದಾಟಿದೆವು. ಒಂದು ವಾರ ಚೆನ್ನಾಗಿ ನಡೆದು, ಒಂದು ಸಂಜೆ ಕರೆಂಟು ಹೋಗಿ ಬಂದ ಮೇಲೆ 'ಆಫ್‌ಲೈನ್' ಅಂತ ಕೂತಿತು. ಪ್ರಿಂಟರ್ ಹಾಲಿನಲ್ಲಿ ಹಸಿರು ದೀಪ ಹಚ್ಚಿಕೊಂಡು ಕೂತಿದೆ, ಕಂಪ್ಯೂಟರ್ ನೋಡಿದರೆ ಅದು ಊರಲ್ಲೇ ಇಲ್ಲ ಅನ್ನುತ್ತದೆ. ಆಗಿದ್ದಿಷ್ಟು: ರೂಟರು ಮನೆಯ ಒಂದೊಂದು ಸಾಧನಕ್ಕೂ ಒಂದು ಡೋರ್ ನಂಬರ್ ಹಂಚುತ್ತದೆ. ಕರೆಂಟು ಹೋಗಿ ಬಂದಾಗ ಪ್ರಿಂಟರಿಗೆ ಬೇರೆ ನಂಬರ್ ಬಂತು, ಕಂಪ್ಯೂಟರ್ ಹಳೇ ಮನೆಗೇ ಕಾಗದ ಹಾಕುತ್ತಿತ್ತು. ರೂಟರಿನ ಒಳಗೆ ಹೋಗಿ ಆ ನಂಬರನ್ನು ಪ್ರಿಂಟರಿಗೇ ಕಾಯಂ ಮಾಡಿದೆವು. ಆ ಮೇಲೆ ಈ ರಗಳೆ ಇಲ್ಲ.

ಯಜಮಾನರಿಗೆ ಇನ್ನೊಂದು ಅಭ್ಯಾಸ, ರಾತ್ರಿ ಮಲಗುವಾಗ ಗೋಡೆಯ ಸ್ವಿಚ್ಚುಗಳನ್ನೆಲ್ಲ ಪಟಪಟ ಆರಿಸುವುದು. ಇಂಕಿನ ಪ್ರಿಂಟರನ್ನು ಹಾಗೆ ಆರಿಸಬಾರದು ಕಣ್ರೀ. ಅದರ ಮೈಮೇಲಿನ ಗುಂಡಿ ಒತ್ತಿದರೆ, ಶಾಯಿಯ ತಲೆ ಮೂಲೆಗೆ ಹೋಗಿ ಮುಚ್ಚಳ ಹಾಕಿಕೊಂಡು ಮಲಗುತ್ತದೆ. ಗೋಡೆಯಲ್ಲಿ ಆರಿಸಿದರೆ ಬಾಯಿ ತೆರೆದೇ ಇದ್ದು ಶಾಯಿ ಒಣಗಬಹುದು. ಲೇಸರ್ ಪ್ರಿಂಟರ್ ಇರುವವರಿಗೂ ಒಂದು: ಅದನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ. ಶಾಯಿಯ ಬದಲು ಇರುವ ಪುಡಿಯನ್ನು ಕರಗಿಸಲು ಒಳಗಿನ ಉರುಳೆ ಬಿಸಿಯಾಗುವಾಗ ಒಂದೇ ಸಲಕ್ಕೆ ವಿಪರೀತ ಕರೆಂಟು ಎಳೆಯುತ್ತದೆ, ಯುಪಿಎಸ್ ಚೀರಿಕೊಳ್ಳುತ್ತದೆ.

ಉಳಿದದ್ದು ಹಳೇ ಸ್ಕ್ಯಾನರು. ಯುಎಸ್‌ಬಿಯದೇ, ತೆಳ್ಳಗೆ ಸ್ಲೇಟಿನ ಹಾಗೆ. ಅದಕ್ಕೆ ಬೇರೆ ಕರೆಂಟಿಲ್ಲ, ಕೇಬಲ್ಲಿನಿಂದಲೇ ಅನ್ನ ತಿನ್ನುತ್ತದೆ. ಪೆನ್‌ಡ್ರೈವು, ಕೀಬೋರ್ಡು, ಮೌಸು ಎಲ್ಲ ತುಂಬಿದ, ಒಂದು ಬಾಗಿಲನ್ನು ನಾಲ್ಕಾಗಿ ಮಾಡುವ ಯುಎಸ್‌ಬಿ ಹಬ್‌ಗೆ ಹಾಕಿದ್ದೆ, ದೀಪ ಮಿಣಮಿಣ ಅಂದು ಆರುತ್ತಿತ್ತು. ಯುಎಸ್‌ಬಿ 2.0ರ ಒಂದು ಬಾಗಿಲಿನಿಂದ ಸಿಗುವುದು 500 ಮಿಲಿ ಆಂಪಿಯರ್. ಅದನ್ನೇ ನಾಲ್ಕು ಜನ ಹಂಚಿಕೊಂಡರೆ ಯಾರ ಹೊಟ್ಟೆ ತುಂಬೀತು? ನೇರ ಕಂಪ್ಯೂಟರಿಗೆ ಹಾಕಿದೆ, ದೀಪ ನಿಂತಿತು. ಆದರೆ ಡ್ರೈವರ್ ಇಲ್ಲ. ತಯಾರಕರಲ್ಲಿರುವುದು ಹಳೇ ಬಗೆಯ ವಿಂಡೋಸಿಗೆ ಬರೆದ 32 ಬಿಟ್ಟಿನದು, 64 ಬಿಟ್ ವಿಂಡೋಸಿನಲ್ಲಿ ಅದು ನಡೆಯುವುದಿಲ್ಲ, ವಿಂಡೋಸ್ 11ಕ್ಕಂತೂ 32ರ ಆವೃತ್ತಿಯೇ ಇಲ್ಲ. ನಾನು ಕೈಚೆಲ್ಲಿದೆ. ಮೊಮ್ಮಗ ಬಿಡಲಿಲ್ಲ, ಅಟ್ಟದ ಹಳೆ ಲ್ಯಾಪ್‌ಟಾಪ್ ಇಳಿಸಿ ಲಿನಕ್ಸ್ ಹಾಕಿದ. ಅದರಲ್ಲಿ ಸೇನ್ ಅನ್ನುವ ಏರ್ಪಾಟಿದೆ, ಕಂಪನಿಗಳು ಕೈಬಿಟ್ಟ ಎಷ್ಟೋ ಸ್ಕ್ಯಾನರುಗಳ ಭಾಷೆಯನ್ನು ಆಸಕ್ತರೇ ಕಲಿತು ಬರೆದಿಟ್ಟಿದ್ದಾರೆ. ಕೇಬಲ್ ಹಾಕಿದ, ಗುಂಡಿ ಒತ್ತಿದ, ದೀಪ ಸರಿದುಕೊಂಡು ಹೋಯಿತು.

ಮನೆಯಲ್ಲಿ ವೈರು ಹರಡಿಕೊಂಡು ಕೂತರೆ ನಗುವವರಿಗೆ ನಾನು ಒಂದು ಮಾತು ಹೇಳುತ್ತೇನೆ. ಈ ಊರಿನ ಬಾನುಲಿಯೇ ಹುಟ್ಟಿದ್ದು ಹಾಗೆ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ವಿಠ್ಠಲ ವಿಹಾರದಲ್ಲಿ 30 ವಾಟಿನ ಯಂತ್ರ ಇಟ್ಟುಕೊಂಡು ಶುರುಮಾಡಿದ್ದು ಇದು. ಅವರ ಮನೆಯವರು ಮೇಜು ಖಾಲಿ ಮಾಡಿ ಅಂದಿದ್ದರೋ ಏನೋ!

ಮೊನ್ನೆ ಭಾನುವಾರ ಸಂಘದ ರಸೀದಿ ಅರವತ್ತು ಹೊಡೆದೆ. ಹಾಲಿನಲ್ಲಿ ಮೊಮ್ಮಗನ ಪ್ರಾಜೆಕ್ಟಿನ ಚಾಮುಂಡಿಬೆಟ್ಟದ ಚಿತ್ರ ಸದ್ದಿಲ್ಲದೆ ಬಣ್ಣದಲ್ಲಿ ಬರುತ್ತಿತ್ತು, ಕೋಣೆಯಲ್ಲಿ ನನ್ನದು ಕಿರ್ರೋ ಅನ್ನುತ್ತಿತ್ತು. ಪಕ್ಕದ ಮನೆಯವರು ಕಾಂಪೌಂಡಿನಿಂದ, "ಏನ್ರೀ, ಮಿಕ್ಸಿ ಕೆಟ್ಟಿದೆಯಾ?" ಅಂದರು. ಇಲ್ಲ ಅಂದೆ. ಕೊನೆಯ ಹತ್ತು ರಸೀದಿ ಮಾತ್ರ ಮಸುಕು. ರಿಬ್ಬನ್ ಸವೆದಿದೆ, ನಾಳೆ ಆ ವಯಸ್ಸಾದವರ ಅಂಗಡಿಗೇ ಹೋಗಿ ಕೇಳಬೇಕು. ನಮಸ್ಕಾರ.