ಸಿಂಕ್ ಇದೆ ಎಂದು ಕೈಕಟ್ಟಿ ಕುಳಿತವರಿಗೆ

ನಮಸ್ಕಾರ. ಬ್ರೌಸರ್‌ನಲ್ಲಿ ಉಳಿಸಿಟ್ಟ ವೆಬ್ ಪುಟಗಳ ವಿಳಾಸಗಳನ್ನು, ಅಂದರೆ ಬುಕ್‌ಮಾರ್ಕ್‌ಗಳನ್ನೆಲ್ಲ ಕಳೆದುಕೊಂಡು ತಲೆಯ ಮೇಲೆ ಕೈ ಹೊತ್ತು ಕುಳಿತವರಿಗೆ ಸುತ್ತಲಿನವರು ಹೇಳುವ ಸಮಾಧಾನದ ಮಾತೊಂದಿದೆ: ‘ಅದಕ್ಕೇಕೆ ಅಷ್ಟು ಕೊರಗುತ್ತೀರಿ, ಬೇಕಾದಾಗ ಮತ್ತೆ ಹುಡುಕಿಕೊಂಡರಾಯಿತು.’ ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹುಡುಕಬೇಕಾದರೆ ಏನನ್ನು ಹುಡುಕಬೇಕು ಎಂಬುದಾದರೂ ನೆನಪಿರಬೇಕಲ್ಲ? ನೆನಪಿನಲ್ಲಿ ನಿಲ್ಲುವುದಿಲ್ಲ ಎಂದು ತಾನೇ ಉಳಿಸಿಟ್ಟದ್ದು! ಹತ್ತಾರು ಪುಟಗಳನ್ನು ತಿರುವಿ ಹಾಕಿ, ಬೇಡದ್ದನ್ನು ಬಿಟ್ಟು, ಇದೊಂದು ಇರಲಿ ಎಂದು ಆರಿಸಿ, ಫೋಲ್ಡರ್ ಮಾಡಿ ಹೆಸರಿಟ್ಟವರು ನೀವು. ಆ ಹತ್ತಾರು ಪುಟಗಳನ್ನೂ ಸರ್ಚ್ ಎಂಜಿನ್ ಇನ್ನೊಮ್ಮೆ ನಿಮ್ಮ ಮುಂದೆ ಸುರಿಯಬಲ್ಲದು. ನೀವು ಆರಿಸಿದ್ದು ಯಾವುದನ್ನು, ಏಕೆ ಎಂಬುದು ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಕಳೆದದ್ದನ್ನು ಮರಳಿ ಪಡೆಯಲು ಒದ್ದಾಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಮೊದಲು, ನಿಜವಾಗಿಯೂ ಕಳೆದಿದೆಯೇ ಎಂದು ನೋಡಿ. ಎಷ್ಟೋ ಸಲ ಬ್ರೌಸರ್ ಬೇರೆ ಪ್ರೊಫೈಲ್‌ನಲ್ಲಿ ತೆರೆದುಕೊಂಡಿರುತ್ತದೆ, ಅಷ್ಟೇ. ಕೈತಪ್ಪಿ ಈಗಷ್ಟೇ ಅಳಿಸಿದ್ದರೆ ಬುಕ್‌ಮಾರ್ಕ್ ಮ್ಯಾನೇಜರ್ ತೆರೆದೇ ಇರಲಿ, ಕಂಟ್ರೋಲ್ ಮತ್ತು ಝಡ್ ಒತ್ತಿ. ಅಲ್ಲಿಗೆ ಮುಗಿಯಿತು.

ಮುಗಿಯಲಿಲ್ಲವೇ? ಹಾಗಾದರೆ ಕ್ರೋಮ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚು ಜನ ಎಡವುವುದು ಇಲ್ಲೇ. ವಿಂಡೋಸ್‌ನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಒಳಗೆ ಆ್ಯಪ್‌ಡೇಟಾ ಎಂಬ ಕಣ್ಣಿಗೆ ಕಾಣದ ಫೋಲ್ಡರ್ ಇದೆ. ಅದರೊಳಗೆ ಲೋಕಲ್, ಅದರೊಳಗೆ ಗೂಗಲ್, ಕ್ರೋಮ್, ಯೂಸರ್ ಡೇಟಾ, ಕೊನೆಗೆ ಡಿಫಾಲ್ಟ್ ಅಥವಾ ಪ್ರೊಫೈಲ್ ಒಂದು, ಎರಡು ಎಂಬ ಫೋಲ್ಡರ್. ಅಲ್ಲಿ ಬುಕ್‌ಮಾರ್ಕ್ಸ್ ಎಂಬ ಹೆಸರಿನ, ಕೊನೆಗೆ ಡಾಟ್ ಹಾಕಿ ಬರುವ ಎಕ್ಸ್‌ಟೆನ್ಶನ್ ಇಲ್ಲದ ಒಂದು ಬೋಳು ಫೈಲ್ ಇರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ನೀವು ಕೊಟ್ಟ ಹೆಸರುಗಳು, ಪುಟಗಳ ವಿಳಾಸಗಳು ಎಲ್ಲವೂ ಓದುವಂತೆಯೇ ಇರುತ್ತವೆ. ಪ್ರತಿಯೊಂದರ ಜೊತೆಗೂ ಉದ್ದನೆಯ ಅಂಕಿಯೊಂದು ಕಾಣಿಸುತ್ತದೆ. ಅದು ಉಳಿಸಿದ ದಿನಾಂಕ, 1601ರ ಜನವರಿ 1ರಿಂದ ಲೆಕ್ಕ ಹಾಕಿದ ಮೈಕ್ರೊಸೆಕೆಂಡುಗಳಲ್ಲಿ! ಅದರ ಪಕ್ಕದಲ್ಲೇ ಬುಕ್‌ಮಾರ್ಕ್ಸ್ ಡಾಟ್ ಬ್ಯಾಕ್ ಎಂಬ ಇನ್ನೊಂದು ಫೈಲ್ ಇರುತ್ತದೆ. ಕ್ರೋಮ್ ತಾನಾಗಿಯೇ ಇಟ್ಟುಕೊಳ್ಳುವ ಹಳೆಯ ಪ್ರತಿ ಅದು. ನಿಮ್ಮನ್ನು ಕಾಪಾಡಬಲ್ಲದ್ದು ಅದೇ.

ಆದರೆ ಅದರ ಆಯಸ್ಸು ತೀರಾ ಕಡಿಮೆ. ಬ್ರೌಸರ್ ಮುಚ್ಚಿ ಮತ್ತೆ ತೆರೆದು ಬುಕ್‌ಮಾರ್ಕ್‌ಗಳಲ್ಲಿ ಏನಾದರೂ ಬದಲಾವಣೆಯಾದರೆ ಸಾಕು, ಹೊಸ ಪ್ರತಿ ಹಳೆಯದರ ಮೇಲೆ ಕುಳಿತುಬಿಡುತ್ತದೆ. ಗಾಬರಿಬಿದ್ದವರು ಮಾಡುವುದೂ ಅದನ್ನೇ: ಮುಚ್ಚುತ್ತಾರೆ, ತೆರೆಯುತ್ತಾರೆ, ಕಂಪ್ಯೂಟರನ್ನೇ ಆರಿಸಿ ಹಚ್ಚುತ್ತಾರೆ. ಹಾಗೆ ಮಾಡಬೇಡಿ. ಕ್ರೋಮ್ ಅನ್ನು ಪೂರ್ತಿಯಾಗಿ ಮುಚ್ಚಿ, ಎರಡೂ ಫೈಲ್‌ಗಳನ್ನು ಬೇರೆ ಕಡೆಗೆ ನಕಲು ಮಾಡಿ. ಇಂಟರ್‌ನೆಟ್ ಕಡಿದುಹಾಕಿ. ಆಮೇಲೆ ಮೂಲ ಫೈಲನ್ನು ಪಕ್ಕಕ್ಕೆ ಸರಿಸಿ, ಬ್ಯಾಕ್ ಫೈಲಿಗೆ ಅದರ ಹೆಸರು ಕೊಟ್ಟು, ಕ್ರೋಮ್ ತೆರೆಯಿರಿ. ಬುಕ್‌ಮಾರ್ಕ್‌ಗಳು ಕಂಡವೋ, ಆ ಕ್ಷಣವೇ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ, ಅಂದರೆ ಎಲ್ಲವನ್ನೂ ಒಂದು ಫೈಲಾಗಿ ಹೊರತೆಗೆದು ಉಳಿಸಿಕೊಳ್ಳಿ. ಇಂಟರ್‌ನೆಟ್ ಆಮೇಲೆ. ಮೊದಲೇ ಸಂಪರ್ಕ ಕೊಟ್ಟರೆ, ನಿಮ್ಮ ಎಲ್ಲ ಸಾಧನಗಳಲ್ಲೂ ಬುಕ್‌ಮಾರ್ಕ್‌ಗಳನ್ನು ಒಂದೇ ರೀತಿ ಇಡುವ ಸಿಂಕ್ ಬಂದು, ನೀವು ಅಳಿಸಿದ್ದನ್ನು ಮತ್ತೆ ಅಳಿಸಿ ಹೋಗುವ ಸಾಧ್ಯತೆ ಇದೆ.

ನನ್ನ ತಕರಾರು ಇರುವುದು ಇಲ್ಲಿ. ಹಳೆಯ ಪ್ರತಿ ಡಿಸ್ಕಿನಲ್ಲಿ ಇದೆ, ಕ್ರೋಮ್‌ಗೆ ಅದು ಗೊತ್ತೂ ಇದೆ. ಹಾಗಿದ್ದೂ ‘ಹಿಂದಿನದನ್ನು ಮರಳಿ ತಾ’ ಎನ್ನುವ ಗುಂಡಿ ಮೆನುವಿನಲ್ಲಿ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು. ಇದು ಆಗದ ಕೆಲಸವೇನಲ್ಲ. ಫೈರ್‌ಫಾಕ್ಸ್ ವರ್ಷಗಳಿಂದ ಮಾಡುತ್ತಿದೆ. ಕಂಪ್ಯೂಟರಿನಲ್ಲಿ ಅದು ದಿನಾಂಕ ಹಾಕಿ ಬ್ಯಾಕಪ್ ತೆಗೆದಿಡುತ್ತದೆ, ಸಾಮಾನ್ಯವಾಗಿ 15 ಪ್ರತಿಗಳವರೆಗೆ. ಬುಕ್‌ಮಾರ್ಕ್ ಲೈಬ್ರರಿ ತೆರೆದು, ಇಂಪೋರ್ಟ್ ಮತ್ತು ಬ್ಯಾಕಪ್ ಎಂಬಲ್ಲಿ ರಿಸ್ಟೋರ್ ಆರಿಸಿದರೆ ದಿನಾಂಕಗಳ ಪಟ್ಟಿಯೇ ಬರುತ್ತದೆ. ಒಂದು ಎಚ್ಚರಿಕೆ: ಹಾಗೆ ಮರಳಿ ತಂದಾಗ ಈಗಿರುವುದೆಲ್ಲ ಹೋಗಿ ಹಳೆಯದು ಬರುತ್ತದೆ. ಈಗಿರುವುದರ ಪ್ರತಿಯನ್ನು ಮೊದಲು ತೆಗೆದಿಡಿ. ಆ್ಯಪಲ್‌ನ ಸಫಾರಿ ಬಳಸುವವರು ಐಕ್ಲೌಡ್ ಜಾಲತಾಣಕ್ಕೆ ಹೋಗಿ ಡೇಟಾ ರಿಕವರಿಯಲ್ಲಿ ನೋಡಬಹುದು, ಅಳಿಸಿದ 30 ದಿನಗಳ ಒಳಗೆ.

ಇನ್ನು ಸಿಂಕ್. ‘ನನ್ನದು ಅಕೌಂಟ್‌ನಲ್ಲಿ ಇದೆ, ಎಲ್ಲಿಗೂ ಹೋಗುವುದಿಲ್ಲ’ ಎಂದು ನಿಶ್ಚಿಂತೆಯಿಂದ ಇರುವವರಿಗೆ ನಾನು ಕೇಳುವುದು ಇಷ್ಟೇ: ಲ್ಯಾಪ್‌ಟಾಪ್‌ನಲ್ಲಿ ಒಂದು ಫೋಲ್ಡರ್ ಅಳಿಸಿ, ಫೋನ್ ತೆಗೆದು ನೋಡಿ. ಅಲ್ಲೂ ಇರುವುದಿಲ್ಲ. ಸಿಂಕ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ. ಎಲ್ಲ ಕಡೆಯೂ ಒಂದೇ ರೀತಿ ಇರಬೇಕು ಎಂಬುದು ಅದಕ್ಕೆ ಕೊಟ್ಟ ಆಜ್ಞೆ. ಫೋನ್ ಕೆಟ್ಟರೆ, ಕಳುವಾದರೆ ಅದು ನೆರವಿಗೆ ಬರುತ್ತದೆ, ಇಲ್ಲವೆನ್ನುವುದಿಲ್ಲ. ನಿಮ್ಮ ಕೈತಪ್ಪಿಗೆ ಮಾತ್ರ ಬರುವುದಿಲ್ಲ. ಆ ತಪ್ಪನ್ನು ಅದು ನಿಮ್ಮ ಎಲ್ಲ ಸಾಧನಗಳಿಗೂ ಹಂಚಿ ಬರುತ್ತದೆ. ಈ ವ್ಯತ್ಯಾಸವನ್ನು ಸಿಂಕ್ ಹಚ್ಚುವ ಪರದೆಯಲ್ಲೇ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರೆ ಎಷ್ಟು ಜನರ ಸಂಕಟ ತಪ್ಪುತ್ತಿತ್ತೋ.

ಬುಕ್‌ಮಾರ್ಕ್ ಕಾಯುವುದಕ್ಕೆಂದೇ ಇರುವ ಸೇವೆಗಳನ್ನು ನಂಬೋಣವೇ? 2003ರಲ್ಲಿ ಶುರುವಾದ ಡೆಲಿಷಿಯಸ್ ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋಯಿತು. ಎಕ್ಸ್‌ಮಾರ್ಕ್ಸ್ 2018ರಲ್ಲಿ ನಿಂತಿತು. ಗೂಗಲ್ ಬುಕ್‌ಮಾರ್ಕ್ಸ್ ಎಂಬ ಸೇವೆಗೆ ಗೂಗಲ್ಲೇ 2021ರಲ್ಲಿ ಎಳ್ಳುನೀರು ಬಿಟ್ಟಿತು. ಈಗಷ್ಟೇ ಫೈರ್‌ಫಾಕ್ಸ್ ಅನ್ನು ಹೊಗಳಿದೆನಲ್ಲ, ಅದನ್ನು ತಯಾರಿಸುವ ಮೊಜಿಲ್ಲಾ ತನ್ನದೇ ಆದ ಪಾಕೆಟ್ ಅನ್ನು 2025ರ ಜುಲೈನಲ್ಲಿ ಮುಚ್ಚಿತು.

ಇವೆಲ್ಲ ಬಂದು ಹೋದರೂ ಗಟ್ಟಿಯಾಗಿ ನಿಂತದ್ದು ಒಂದು ಹಳೆಯ ಎಚ್‌ಟಿಎಂಎಲ್ ಫೈಲ್. ಕ್ರೋಮ್‌ನಲ್ಲೋ ಫೈರ್‌ಫಾಕ್ಸ್‌ನಲ್ಲೋ ಬುಕ್‌ಮಾರ್ಕ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿ, ಬಂದ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಸಾಲನ್ನು ಓದಿ. ಅಲ್ಲಿ ನೆಟ್‌ಸ್ಕೇಪ್ ಎಂಬ ಹೆಸರಿದೆ! 1994ರಲ್ಲಿ ಬಂದ, 2008ರಲ್ಲಿ ಪೂರ್ತಿಯಾಗಿ ಕೈಬಿಟ್ಟ ಬ್ರೌಸರ್ ಅದು. ಅದರ ಬುಕ್‌ಮಾರ್ಕ್ ಫೈಲಿನ ರೂಪವನ್ನು ಇವತ್ತಿನ ಪ್ರಮುಖ ಬ್ರೌಸರ್‌ಗಳೆಲ್ಲ ಓದುತ್ತವೆ. ಬ್ರೌಸರ್‌ಗೆ ಇಂಪೋರ್ಟ್ ಮಾಡುವ ಮನಸ್ಸಿಲ್ಲದಿದ್ದರೆ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಕೊಂಡಿಗಳ ಪಟ್ಟಿಯಿರುವ ಪುಟವಾಗಿ ತೆರೆದುಕೊಳ್ಳುತ್ತದೆ. ಇಷ್ಟು ಸರಳವಾದ ಬ್ಯಾಕಪ್ ನನಗೆ ತಿಳಿದಂತೆ ಬೇರೊಂದಿಲ್ಲ.

ತಿಂಗಳಿಗೊಮ್ಮೆ ಸಾಕು. ಫೈಲಿನ ಹೆಸರಿನಲ್ಲಿ ದಿನಾಂಕ ಇರಲಿ, ಹಳೆಯದರ ಮೇಲೆ ಹೊಸದನ್ನು ಉಳಿಸಬೇಡಿ, ಒಂದು ಪ್ರತಿ ಆ ಕಂಪ್ಯೂಟರಿನ ಹೊರಗೆ ಇರಲಿ. ಫೋನನ್ನಷ್ಟೇ ಬಳಸುವ ಕ್ರೋಮ್‌ನವರು, ಸಿಂಕ್ ಹಚ್ಚಿದ್ದರೆ, ನಮ್ಮ ಡೇಟಾವನ್ನು ಇಳಿಸಿಕೊಳ್ಳಲು ಗೂಗಲ್ ಕೊಡುವ ಟೇಕ್‌ಔಟ್ ಸೇವೆಯಿಂದ ಇದೇ ಬಗೆಯ ಫೈಲನ್ನು ಇಳಿಸಿಕೊಳ್ಳಬಹುದು. ಅಂದಹಾಗೆ, ಬುಕ್‌ಮಾರ್ಕ್ ಎಂದರೆ ವಿಳಾಸ ಮಾತ್ರ. ಮನೆಯೇ ಬಿದ್ದುಹೋದರೆ ವಿಳಾಸ ಇಟ್ಟುಕೊಂಡು ಏನು ಮಾಡುವುದು? 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇಕಡ 38ರಷ್ಟು ಹತ್ತು ವರ್ಷಗಳಲ್ಲಿ ಸಿಗದಂತಾಗಿವೆ ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ವರದಿ ಮಾಡಿತ್ತು. ಬಿಡಲಾಗದ ಪುಟಗಳಿದ್ದರೆ ಅವುಗಳನ್ನು ಪಿಡಿಎಫ್ ಮಾಡಿಕೊಳ್ಳಿ, ಇಲ್ಲವೇ ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಕಾದಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷೀನ್‌ನಲ್ಲಿ ಉಳಿಸಿ. ಈಗಾಗಲೇ ಸತ್ತ ಕೊಂಡಿಗಳನ್ನೂ ಅಳಿಸುವ ಮುನ್ನ ಅಲ್ಲೊಮ್ಮೆ ಹಾಕಿ ನೋಡಿ. ಹಳೆಯ ಪ್ರತಿ ಸಿಕ್ಕರೂ ಸಿಗಬಹುದು.