ಗುಡ್‌ನೈಟ್ ಅಜ್ಜ ಮತ್ತು ಅವನ ದನಗಳು

ಈ ಬೇಲಿ ನೋಡಿ. ಟೆಕ್ಸಾಸ್‌ನ ಉತ್ತರದ ಬಯಲು, ಅಮರಿಲ್ಲೊ ಪಟ್ಟಣದಿಂದ ಪೂರ್ವಕ್ಕೆ ಸುಮಾರು 40 ಮೈಲಿ. ಊರಿನ ಹೆಸರು ಗುಡ್‌ನೈಟ್. ಸ್ಮಶಾನದ ತಂತಿ ಬೇಲಿ ತುಂಬ ಚೌಕ ಚೌಕದ ಬಟ್ಟೆಗಳು. ಕೆಲವು ಕೆಂಪಗೆ ಹೊಸದಾಗಿವೆ, ಕೆಲವು ಬಿಸಿಲಿಗೆ ಬಣ್ಣ ಕಳಕೊಂಡು ಬರೀ ನೂಲಾಗಿವೆ. ನಮ್ಮ ಕಡೆ ಹರಕೆ ಮರಕ್ಕೆ ಕಟ್ಟಿದ ಹಾಗೆ ಕಾಣಿಸ್ತದೆ, ಆದರೆ ಇದು ಹರಕೆ ಅಲ್ಲ. ದನ ಹೊಡೆಯೋರು ಧೂಳಿಗೆ ಮೂಗು ಬಾಯಿ ಮುಚ್ಚಿಕೊಳ್ತಿದ್ದ ಕೊರಳ ಬಟ್ಟೆ ಇದು. ಬಂದವರು ತಮ್ಮದೊಂದು ಕಟ್ಟಿ ಹೋಗ್ತಾರೆ.

ಒಳಗೆ ಮಲಗಿರೋನು ಚಾರ್ಲ್ಸ್ ಗುಡ್‌ನೈಟ್. ಹುಟ್ಟಿದ್ದು 1836ರ ಮಾರ್ಚ್ 5, ಇಲಿನಾಯ್‌ನಲ್ಲಿ. ತೀರಿಕೊಂಡಿದ್ದು 1929ರ ಡಿಸೆಂಬರ್ 12. ಒಟ್ಟು 93 ವರ್ಷ. ಅದರಲ್ಲಿ ಎಪ್ಪತ್ತಕ್ಕೂ ಹೆಚ್ಚು ವರ್ಷ ದನದ ಜೊತೆಗೇ. ದೈವಭಕ್ತನಾ ಅಂತ ಕೇಳಿದರೆ ಉತ್ತರ ಸ್ವಲ್ಪ ಸೊಟ್ಟ. ಚರ್ಚಿನ ಪಟ್ಟಿಗೆ ಇವನ ಹೆಸರು ಸೇರಿದ್ದು ಸಾಯೋದಕ್ಕೆ ಸ್ವಲ್ಪ ಮುಂಚೆ. ಅಲ್ಲಿವರೆಗಿನ ಭಕ್ತಿ ಎಲ್ಲಿತ್ತು ಅಂತ ಹುಡುಕೋಕೆ ದನದ ಹಿಂದೇನೇ ಹೋಗಬೇಕು.

ಐದು ವರ್ಷಕ್ಕೇ ಅಪ್ಪ ಹೋದ. ಶಾಲೆ ಕಂಡಿದ್ದು ಆರೇ ತಿಂಗಳು. ಟೆಕ್ಸಾಸ್‌ಗೆ ಬಂದಾಗ ವಯಸ್ಸು ಇನ್ನೂ ಹತ್ತು ತುಂಬಿರಲಿಲ್ಲ. ಜೀನು ಇಲ್ಲದ ಕುದುರೆ ಮೇಲೆ ಅಷ್ಟೂ ದೂರ ಬಂದ. ತಾಯಿ ಮುಂದೆ ಮದುವೆಯಾದದ್ದು ಮೆಥಡಿಸ್ಟ್ ಪಾದ್ರಿಯನ್ನ. ಆ ಪಾದ್ರಿಯ ಮಗನ ಜೊತೆ ಸೇರಿ 1856ರಲ್ಲಿ ಸುಮಾರು 400 ದನ ಪಾಲಿಗೆ ಹಿಡಿದ. ಪಾಲಿಗೆ ಸಾಕೋ ಲೆಕ್ಕ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಇಲ್ಲಿನ ಕರಾರು: ಹುಟ್ಟೋ ನಾಲ್ಕು ಕರುವಿಗೆ ಒಂದು ಸಾಕಿದೋರಿಗೆ. ಮೊದಲ ವರ್ಷ ಇಬ್ಬರಿಗೂ ಸೇರಿ ಸಿಕ್ಕಿದ್ದು 32 ಕರು. ತಲೆಗೆ ಮೂರು ಡಾಲರ್ ಬೆಲೆ. ಇದರಲ್ಲಿ ಯಾರಾದರೂ ಸಾಹುಕಾರ ಆಗ್ತಾರಾ?

ಆಗಿದ್ದು ನಡಿಗೆಯಿಂದ. ಅಂತರ್ಯುದ್ಧ ಮುಗಿದಾಗ ಟೆಕ್ಸಾಸ್ ತುಂಬ ದನ ಇತ್ತು, ಕೊಳ್ಳೋರಿರಲಿಲ್ಲ. ಎಲ್ಲರೂ ಉತ್ತರಕ್ಕೆ ಮುಖ ಮಾಡಿದರೆ, ಗುಡ್‌ನೈಟ್ ತನಗಿಂತ ಹಿರಿಯನಾದ ಆಲಿವರ್ ಲವಿಂಗ್ ಜೊತೆ ಪಶ್ಚಿಮಕ್ಕೆ ಹೊರಟ. ನ್ಯೂ ಮೆಕ್ಸಿಕೊದ ಫೋರ್ಟ್ ಸಮ್ನರ್‌ನಲ್ಲಿ ಸರ್ಕಾರ ಎಂಟು ಸಾವಿರಕ್ಕೂ ಹೆಚ್ಚು ನವಾಹೊ ಮತ್ತು ಅಪಾಚೆ ಬುಡಕಟ್ಟಿನ ಜನರನ್ನ ಕೂಡಿಹಾಕಿತ್ತು. ಅವರು ಹಸಿವಿನಿಂದ ಸಾಯ್ತಿದ್ದರು. ಮಾಂಸಕ್ಕೆ ಸರ್ಕಾರ ದುಡ್ಡು ಕೊಡ್ತಿತ್ತು. ಗುಡ್‌ನೈಟ್‌ನ ಸಂಪತ್ತಿನ ಬುಡದಲ್ಲಿ ಆ ಹಸಿವೂ ಇದೆ. ಇದನ್ನ ಬಿಟ್ಟು ಅವನ ಕತೆ ಹೇಳೋದು ಸರಿಯಲ್ಲ.

1866ರ ಜೂನ್. 2,000 ದನ, 18 ಜನ. ಮಿಡ್ಲ್ ಕಾಂಚೊ ಹೊಳೆ ಬಿಟ್ಟ ಮೇಲೆ ಪೇಕಸ್ ನದಿವರೆಗೆ ಸುಮಾರು 80 ಮೈಲಿ ಹನಿ ನೀರಿಲ್ಲ. ಹೊರಡೋ ಮುಂಚೆ ದನಕ್ಕೆ ಹೊಟ್ಟೆ ತುಂಬ ಕುಡಿಸಿ, ಮಧ್ಯಾಹ್ನ ಇಳಿದ ಮೇಲೆ ಎಬ್ಬಿಸಿದರು. ಮೊದಲ ರಾತ್ರಿ ಮಾಮೂಲಿನ ಹಾಗೆ ಹಿಂಡನ್ನ ನಿಲ್ಲಿಸಿ ಮಲಗಿಸೋಕೆ ನೋಡಿದರು. ತಪ್ಪಾಗಿದ್ದು ಅಲ್ಲೇ. ಬಾಯಾರಿದ ದನ ಮಲಗೋದಿಲ್ಲ. ಇದ್ದಲ್ಲೇ ಸುತ್ತು ಹಾಕ್ತಾ ನಿಲ್ಲುತ್ತೆ. ಒಂದು ಹೆಜ್ಜೆ ಮುಂದೆ ಹೋಗದೆ ಇಡೀ ರಾತ್ರಿ ನಡೆದಷ್ಟೇ ಸುಸ್ತಾಗುತ್ತೆ. ಇದನ್ನ ನೋಡಿ ಗುಡ್‌ನೈಟ್ ಮುಂದೆ ತಂಗೋದನ್ನೇ ಕೈಬಿಟ್ಟ, ಹಗಲು ರಾತ್ರಿ ಹೊಡಕೊಂಡೇ ಹೋದ. ಬಲ ಇರೋ ಹೋರಿಗಳು ಮುಂದೆ ಓಡ್ತಾವೆ, ಬಡಕಲು ಹಿಂದೆ ಬೀಳ್ತಾವೆ. ಹಾಗಾಗಿ ಮುಂದಿನವನ್ನ ತಡೀಬೇಕು, ಹಿಂದಿನವನ್ನ ತಳ್ಳಬೇಕು, ಎರಡೂ ಒಟ್ಟಿಗೆ. ದಾರಿಯಲ್ಲೇ ಸುಮಾರು 300 ದನ ಬಿದ್ದವು.

ನದಿ ಹತ್ತಿರ ಬಂದಾಗ ಇನ್ನೊಂದು ಅಪಾಯ. ಗಾಳಿಯಲ್ಲಿ ನೀರಿನ ವಾಸನೆ ಬಂತು ಅಂದ್ರೆ ಹಿಂಡು ಹಿಡಿತಕ್ಕೆ ಸಿಗೋದಿಲ್ಲ. ಪೇಕಸ್‌ನ ದಡ ಕಡಿದಾದದ್ದು. ಮುಂದಿನವು ಕುಡಿಯೋಕೆ ಬಗ್ಗೋ ಮೊದಲೇ ಹಿಂದಿನವು ನೂಕಿದವು, ಎಷ್ಟೋ ದನ ಆಚೆ ದಡಕ್ಕೇ ಹೋಗಿ ಬಿದ್ದು, ಆಮೇಲೆ ತಿರುಗಿ ಬಂದು ನೀರು ಕುಡಿದವು. ಕೆಲವು ಕುಸಿಯೋ ಮರಳಲ್ಲಿ ಹೂತುಹೋದವು. ಪಕ್ಕದಲ್ಲೇ ಸೌಳು ನೀರಿನ ಹೊಂಡಗಳಿದ್ದವು. ಅದನ್ನ ಕುಡಿದವು ಅಲ್ಲೇ ಸತ್ತವು. ಇಷ್ಟಾದ ಮೇಲೂ ಉಳಿದ ಹೋರಿಗಳಿಗೆ ನಿಂತ ತೂಕದಲ್ಲಿ ಪೌಂಡಿಗೆ 8 ಸೆಂಟ್ ಸಿಕ್ಕಿತು, ಒಟ್ಟು 12,000 ಡಾಲರ್ ಚಿನ್ನ. ಆಮೇಲೆ ವಾಪಸ್ ಬರೋವಾಗ ಒಂದು ಮಳೆಗಾಲದ ರಾತ್ರಿ ಚಿನ್ನ ಹೊತ್ತ ಹೇಸರಗತ್ತೆ ಬೆದರಿ ಓಡ್ತು. ಅದರ ಹಗ್ಗ ಕೈಗೆ ಸಿಕ್ಕಿತು, ಅದರ ಮೇಲಿದ್ದ ಬುತ್ತಿ ಎಲ್ಲ ಚೆಲ್ಲಿಹೋಯ್ತು. ಚಿನ್ನ ಇದೆ, ತಿನ್ನೋಕಿಲ್ಲ.

ಬುತ್ತಿ ಅಂದೆ. ಈಗ ತೆರೆ ಮೇಲೆ ಕಾಣೋ ಈ ಅಡುಗೆ ಗಾಡಿ ಅದೇ ವರ್ಷ ಇವನೇ ಕಟ್ಟಿಸಿದ ಮಾದರಿ. ಸೈನ್ಯದ ಹಳೇ ಸ್ಟೂಡಿಬೇಕರ್ ಗಾಡಿ ತಗೊಂಡು ಒಸೇಜ್ ಆರೆಂಜ್ ಅನ್ನೋ ಗಟ್ಟಿ ಮರದಲ್ಲಿ ಹೊಸದಾಗಿ ಕಟ್ಟಿಸಿದ. ಒಣಗಾಳಿಗೆ ಸಾಮಾನ್ಯ ಮರ ಕುಗ್ಗಿ ಚಕ್ರ ಸಡಿಲ ಆಗುತ್ತೆ, ಇದು ಆಗೋದಿಲ್ಲ. ಮರದ ಅಚ್ಚು ತೆಗೆದು ಕಬ್ಬಿಣದ್ದು ಹಾಕಿಸಿದ. ಕೀಲೆಣ್ಣೆಗೆ ಟಾರು ಬಿಟ್ಟು ದನದ ಕೊಬ್ಬು. ಕೊಬ್ಬು ದಾರಿಯಲ್ಲೇ ಸಿಗುತ್ತಲ್ಲ. ಹಿಂಭಾಗದಲ್ಲಿ ಪೆಟ್ಟಿಗೆ. ಮುಚ್ಚಳ ಕೆಳಗೆ ಇಳಿಸಿ ಒಂದು ಕಾಲು ಕೊಟ್ಟರೆ ಅದೇ ಅಡುಗೆ ಮೇಜು. ಒಳಗಿನ ಖಾನೆಗಳಲ್ಲಿ ಹಿಟ್ಟು, ಕಾಫಿಬೀಜ, ಹುರುಳಿ ಜಾತಿಯ ಕಾಳು, ಉಪ್ಪು, ಮದ್ದಿನ ಸೀಸೆ. ಪಕ್ಕದಲ್ಲಿ ಎರಡು ದಿನಕ್ಕೆ ಸಾಕಾಗೋ ನೀರಿನ ಪೀಪಾಯಿ. ಗಾಡಿಯ ಹೊಟ್ಟೆ ಕೆಳಗೆ ಹಸಿ ಚರ್ಮ ಜೋಳಿಗೆ ಥರ ಬಿಗಿದಿರ್ತಿದ್ದರು, ದಾರೀಲಿ ಸಿಕ್ಕ ಸೌದೆ, ಒಣಗಿದ ಕುರುಳು ಎಲ್ಲ ಅದರೊಳಕ್ಕೆ. ರಾತ್ರಿ ಮಲಗೋ ಮುಂಚೆ ಗಾಡಿಯ ಮೂಕಿಯನ್ನ ಧ್ರುವ ನಕ್ಷತ್ರದ ಕಡೆ ತಿರುಗಿಸಿಡೋದು ದನದ ದಾರಿಗಳಲ್ಲಿ ರೂಢಿ. ಬೆಳಗ್ಗೆ ಮೋಡ ಇದ್ದರೂ ದಿಕ್ಕು ತಪ್ಪೋದಿಲ್ಲ.

ಹೇಳೋಕೆ ಕಷ್ಟ ಆಗೋ ವಿಷಯ ಕರುಗಳದ್ದು. ದಾರೀಲಿ ದಿನಾ ಹಸುಗಳು ಈಯ್ತಿದ್ದವು. ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆಯೋ ಹಿಂಡಿನ ಜೊತೆ ಆಗ ತಾನೇ ಹುಟ್ಟಿದ ಕರು ಬರೋಕಾಗೋದಿಲ್ಲ. ಬಿಟ್ಟು ಹೋದರೆ ತಾಯಿ ರಾತ್ರಿ ಹಿಂದಕ್ಕೆ ಓಡುತ್ತೆ. ಮೊದಮೊದಲು ಬೆಳಗ್ಗೆ ಎದ್ದ ಕೂಡಲೇ ಅವನ್ನ ಗುಂಡು ಹಾಕಿ ಕೊಲ್ತಿದ್ದರು. ಗುಡ್‌ನೈಟ್‌ಗೆ ಇದು ಹಿಡಿಸಲಿಲ್ಲ. ಮುಂದೆ ಕರುಗಳಿಗೇ ಅಂತ ಒಂದು ಗಾಡಿ ಇಟ್ಟ. ಆದರೆ ಸಂಜೆ ಇಳಿಸಿದಾಗ ತಾಯಿಗಳು ಮೂಸಿ ನೋಡಿ ಒದ್ದವು. ಕಾರಣ ಸಾಕಿದ ಯಾರಿಗಾದರೂ ಹೊಳೆಯುತ್ತೆ: ಗಾಡಿಯಲ್ಲಿ ಒಂದಕ್ಕೊಂದು ಮೈಯೊರೆಸಿ ವಾಸನೆ ಬೆರೆತಿತ್ತು. ಹಸು ಕರುವನ್ನ ಗುರುತಿಸೋದು ಮೂಗಿಂದ. ಅದಕ್ಕೆ ಕಂಡುಕೊಂಡ ಉಪಾಯ, ಕರುವಿಗೊಂದು ಚೀಲ. ಚೀಲಕ್ಕೆ ಗುರುತಿನ ಸಂಖ್ಯೆ, ಮಾರನೇ ದಿನ ಅದೇ ಕರು ಅದೇ ಚೀಲಕ್ಕೆ. ಚೀಲ ಅದಲು ಬದಲಾದರೆ ಸಂಜೆ ಮತ್ತೆ ಅದೇ ಒದೆತ.

ರಾತ್ರಿ ಕಾವಲು ಎರಡೆರಡು ಗಂಟೆ ಸರದಿ. ಇಬ್ಬರು ಎದುರುಬದುರಾಗಿ ಹಿಂಡನ್ನ ಸುತ್ತು ಬರ್ತಾರೆ, ಬಾಯಲ್ಲಿ ಹಾಡು. ಹಾಡಿನಲ್ಲಿ ಬಹಳಷ್ಟು ಚರ್ಚಿನ ಕೀರ್ತನೆಗಳೇ. ಹುಡುಗರಿಗೆ ಅಮ್ಮನ ಬಾಯಿಂದ ಕಲಿತು ಬರ್ತಿದ್ದದ್ದು ಅವೇ, ಮತ್ತೆ ಲಯ ನಿಧಾನ. ಕತ್ತಲಲ್ಲಿ ಸವಾರ ಸದ್ದಿಲ್ಲದೆ ಪಕ್ಕಕ್ಕೆ ಬಂದರೆ ಮಲಗಿದ ದನ ಧಿಗ್ಗನೆ ಏಳುತ್ತೆ, ಒಂದು ಎದ್ದರೆ ಸಾವಿರ ಓಡ್ತಾವೆ. ದನಿ ಬಿಡದೆ ಕೇಳ್ತಿದ್ದರೆ ಎಲ್ಲಿದ್ದಾನೆ ಅಂತ ಅವಕ್ಕೆ ಗೊತ್ತಿರುತ್ತೆ, ಮೆಲುಕು ಹಾಕ್ತಾ ಬಿದ್ದಿರ್ತಾವೆ.

1867ರಲ್ಲಿ ಲವಿಂಗ್ ಹಿಂಡು ಬಿಟ್ಟು ಮುಂದೆ ಹೋದಾಗ ಕೊಮಾಂಚೆ ಬುಡಕಟ್ಟಿನವರ ದಾಳಿಗೆ ಸಿಕ್ಕಿದ. ಗಾಯ ಕೊಳೆತು ಸೆಪ್ಟೆಂಬರ್ 25ರಂದು ಫೋರ್ಟ್ ಸಮ್ನರ್‌ನಲ್ಲಿ ತೀರಿಕೊಂಡ. ಪರದೇಶದ ಮಣ್ಣಲ್ಲಿ ಬಿಡಬೇಡ, ಟೆಕ್ಸಾಸ್‌ಗೆ ಒಯ್ಯಿ ಅಂತ ಮಾತು ತಗೊಂಡಿದ್ದ. ಮೊದಲು ಅಲ್ಲೇ ಹೂತರು. ಆಮೇಲೆ ಹುಡುಗರು ಕೋಟೆಯಲ್ಲಿ ಬಿದ್ದಿದ್ದ ಎಣ್ಣೆ ಡಬ್ಬಗಳನ್ನೆಲ್ಲ ಆಯ್ದು, ಬಡಿದು ಚಪ್ಪಟೆ ಮಾಡಿ, ಬೆಸುಗೆ ಹಾಕಿ ದೊಡ್ಡದೊಂದು ತಗಡಿನ ಪೆಟ್ಟಿಗೆ ಮಾಡಿದರು. ಮರದ ಶವಪೆಟ್ಟಿಗೆಯನ್ನ ಅದರೊಳಗೆ ಇಟ್ಟು, ಸುತ್ತ ಇದ್ದಿಲ ಪುಡಿ ಗಿಡಿದು ತುಂಬಿ, ಮುಚ್ಚಳಕ್ಕೂ ಬೆಸುಗೆ ಹಾಕಿ, ಹೊರಗಿನಿಂದ ಹಲಗೆ ಹೊಡೆದರು. ಇದ್ದಿಲು ವಾಸನೆ ಎಳಕೊಳ್ಳುತ್ತೆ. ಫೆಬ್ರವರಿಯ ಚಳಿಯಲ್ಲಿ ಹೊರಟ ಗಾಡಿ ಸುಮಾರು 600 ಮೈಲಿ ದಾಟಿ 1868ರ ಮಾರ್ಚ್ ಮೊದಲ ವಾರ ವೆದರ್‌ಫರ್ಡ್ ಮುಟ್ಟಿತು. ಇನ್ನೊಂದು ಮಾತೂ ಇತ್ತು: ಸಾಲ ತೀರೋ ತನಕ ಪಾಲುದಾರಿಕೆ ಮುಂದುವರಿಸಬೇಕು. ಎರಡು ವರ್ಷ ಮುಂದುವರಿಸಿ, ಬಂದದ್ದರಲ್ಲಿ ಅರ್ಧ ಲವಿಂಗ್ ಮನೆಗೆ ತಲುಪಿಸಿದ. ಕೇಳೋಕೆ ಕಾಗದ ಪತ್ರ ಏನೂ ಇರಲಿಲ್ಲ.

1870ರಲ್ಲಿ ಮೋಲಿ ಡೈಯರ್ ಜೊತೆ ಮದುವೆ. 1873ರ ಹಣಕಾಸಿನ ಕುಸಿತ ಗಳಿಸಿದ್ದನ್ನ ಬಹುಪಾಲು ನುಂಗಿತು. 1876ರಲ್ಲಿ 1,600 ದನ ಹೊಡಕೊಂಡು ಬಂದು ಇಳಿದಿದ್ದು ಈ ಪಾಲೊ ಡ್ಯೂರೊ ಕಣಿವೆಗೆ. ಗಾಡಿ ಇಳಿಯೋ ದಾರಿ ಇರಲಿಲ್ಲ, ಬಿಚ್ಚಿ ಬಿಡಿಬಿಡಿಯಾಗಿ ಇಳಿಸಿದರು. ಸುತ್ತಲ ಗೋಡೆಯೇ ಬೇಲಿ, ಚಳಿಗಾಳಿಗೆ ಮರೆ, ಒಳಗೆ ಹೊಳೆ. ದನದೋನ ಕಣ್ಣಿಗೆ ಇದಕ್ಕಿಂತ ಒಳ್ಳೆ ಕೊಟ್ಟಿಗೆ ಬೇಕಾ? ಮುಂದಿನ ವರ್ಷ ಜಾನ್ ಅಡೇರ್ ಅನ್ನೋ ಐರಿಷ್ ಸಾಹುಕಾರ ಬಂಡವಾಳ ಹಾಕಿದ. ಅಡೇರ್ ಹೆಸರಿನ ಮೊದಲಕ್ಷರಗಳೇ ದನದ ಬರೆ ಆಯ್ತು, ಜೆಎ. ಉಚ್ಛ್ರಾಯದಲ್ಲಿ 13 ಲಕ್ಷ ಎಕರೆಗೂ ಹೆಚ್ಚು, ಒಂದು ಲಕ್ಷ ದನ. ಈ ಇಡೀ ಬಯಲಲ್ಲಿ ಮೂರೇ ಕಟ್ಟಳೆ: ಕುಡಿತ ಇಲ್ಲ, ಜೂಜು ಇಲ್ಲ, ಹೊಡೆದಾಟ ಇಲ್ಲ.

ಮೋಲಿಗೆ ಹತ್ತಿರದ ನೆರೆಮನೆ ಹತ್ತಾರು ಮೈಲಿ ದೂರ. ಒಬ್ಬ ಹುಡುಗ ಸಾರಿಗೆ ಆಗಲಿ ಅಂತ ಮೂರು ಕೋಳಿ ಚೀಲದಲ್ಲಿ ತಂದುಕೊಟ್ಟ. ಆಕೆ ಕೊಯ್ಯಲಿಲ್ಲ, ಅವುಗಳ ಜೊತೆ ಮಾತಾಡ್ತಾ ಕೂತಳು. ಬೇಟೆಗಾರರು ಕಾಡೆಮ್ಮೆ ಜಾತಿಯ ಬೈಸನ್ ಹಿಂಡುಗಳನ್ನ ಮುಗಿಸ್ತಿದ್ದಾಗ, ತಬ್ಬಲಿ ಕರುಗಳನ್ನ ಹಿಡಿದು ತರಿಸಿದ್ದೂ ಆಕೆಯೇ. ಆ ಕರುಗಳ ಸಂತತಿ ಈಗ ಕ್ಯಾಪ್‌ರಾಕ್ ಕ್ಯಾನಿಯನ್ಸ್ ಪಾರ್ಕಿನಲ್ಲಿ ಮೇಯ್ತಿದೆ. ಗುಡ್‌ನೈಟ್ ಅವನ್ನ ಹಸುಗಳ ಜೊತೆ ತಳಿ ಕೂಡಿಸೋಕೆ ವರ್ಷಾನುಗಟ್ಟಲೆ ಹೆಣಗಿದ. ಗಂಡು ಕರು ನಿಂತರೆ ಹಸು ಕಂದು ಹಾಕ್ತಿತ್ತು, ಕೆಲವೊಮ್ಮೆ ಹಸುವೇ ಹೋಗ್ತಿತ್ತು. ಉಳಿದ ಮೊದಲ ತಲೆಮಾರಿನ ಗಂಡುಗಳಿಗೆ ಸಂತಾನವಿಲ್ಲ. ದುಡ್ಡಿನ ದೃಷ್ಟಿಯಿಂದ ಇದು ದಂಡ.

ದನದ ಜ್ವರದ ವಿಷಯದಲ್ಲಿ ಮಾತ್ರ ಅವನ ಕಣ್ಣು ಚುರುಕು. ದಕ್ಷಿಣದ ದನ ಈ ಕಡೆ ಹಾದುಹೋದರೆ, ಅವು ಗಟ್ಟಿಮುಟ್ಟಾಗೇ ಇರ್ತಿದ್ದವು, ಇಲ್ಲಿನ ದನ ಕೆಂಪು ಉಚ್ಚೆ ಹೊಯ್ದು ಸಾಯ್ತಿದ್ದವು. ಇದು ರಕ್ತ ಹೀರೋ ಉಣ್ಣಿಯಿಂದ ಹರಡೋ ಜ್ವರ ಅಂತ ವಿಜ್ಞಾನಿಗಳು ತೋರಿಸಿಕೊಟ್ಟಿದ್ದು 1893ರಲ್ಲಿ. ಗುಡ್‌ನೈಟ್ ಮತ್ತು ಅಕ್ಕಪಕ್ಕದವರು ಅದಕ್ಕೂ ಹತ್ತು ಹನ್ನೆರಡು ವರ್ಷ ಮೊದಲೇ ಬಂದೂಕು ಹಿಡಿದು ಗಡಿ ಕಾದು ದಕ್ಷಿಣದ ಹಿಂಡುಗಳನ್ನ ತಿರುಗಿಸ್ತಿದ್ದರು. ಕಾನೂನಿನ ಲೆಕ್ಕದಲ್ಲಿ ಅದು ದಬ್ಬಾಳಿಕೆಯೇ.

ಮಕ್ಕಳಾಗಲಿಲ್ಲ. 1898ರಲ್ಲಿ ದಂಪತಿ ಊರಲ್ಲಿ ಕಾಲೇಜು ತೆರೆದರು. ಮೋಲಿ ಹೋದದ್ದು 1926ರ ಏಪ್ರಿಲ್‌ನಲ್ಲಿ. ಮುದುಕ ಹಾಸಿಗೆ ಹಿಡಿದ. ಅಡ್ಡಹೆಸರು ಒಂದೇ ಅನ್ನೋ ಕಾರಣಕ್ಕೆ ಮೊಂಟಾನದಿಂದ ಕಾಗದ ಬರೀತಿದ್ದ ಕೊರಿನ್ ಗುಡ್‌ನೈಟ್ ಅನ್ನೋ ಹುಡುಗಿ ಬಂದು ಶುಶ್ರೂಷೆ ಮಾಡಿ ಎಬ್ಬಿಸಿದಳು. 1927ರ ಮಾರ್ಚ್ 5, ಇವನ 91ನೇ ಹುಟ್ಟುಹಬ್ಬದ ದಿನ ಅವರ ಮದುವೆ. ಚರ್ಚಿಗೆ ಸೇರಿದ್ದು ಆಮೇಲೆ. ಯಾವ ಪಂಥ ಅಂತ ಕೇಳಿದವರಿಗೆ, ಹೆಸರು ಗೊತ್ತಿಲ್ಲ, ಆದರೆ ಒಳ್ಳೇದು ಕಣ್ರೀ ಅನ್ನೋ ಅರ್ಥದಲ್ಲಿ ಬೈಗುಳ ಸೇರಿಸಿ ಉತ್ತರ ಕೊಟ್ಟ ಅಂತ ಜನ ಇವತ್ತಿಗೂ ನಗ್ತಾರೆ.

ಎರಡು ಕಲ್ಲು ಪಕ್ಕಪಕ್ಕ. ಮೋಲಿಯ ಕಲ್ಲಿನ ಮೇಲೆ, ಇಡೀ ಬಾಳು ಬೇರೆಯವರ ಸೇವೆಯಲ್ಲಿ ಕಳೆದಾಕೆ ಅಂತ ಬರೆದಿದೆ. ನೀವೂ ಬರೋದಾದರೆ ಹತ್ತಿ ಬಟ್ಟೆ ತನ್ನಿ. ಇಲ್ಲಿನ ಗಾಳಿಗೆ ಒಂಟಿ ಗಂಟು ನಿಲ್ಲೋದಿಲ್ಲ, ಎರಡು ಹಾಕಿ ಬಿಗೀರಿ.